ದನಿಯೋ, ಮಾರ್ದನಿಯೋ: ಸೆಫಾರಿಯಾ ಆಪ್ ಮತ್ತು ಆನ್‌ಲೈನ್ ಯಹೂದಿ ಪ್ರಾರ್ಥನೆ, ವಿಜಯಪುರದಿಂದ ಒಂದು ರಿವ್ಯೂ

ಸೆಫಾರಿಯಾ ಅಂದರೆ ಯಹೂದಿಗಳ ಧರ್ಮಗ್ರಂಥಗಳನ್ನು ಫೋನಿನಲ್ಲಿ ಉಚಿತವಾಗಿ ಓದುವ ಆಪ್. ಅದಕ್ಕೆ ಐದಕ್ಕೆ ಐದು ಸ್ಟಾರ್. ಆನ್‌ಲೈನ್ ಪ್ರಾರ್ಥನೆಗೆ ಎಷ್ಟು ಕೊಡಬೇಕು ಅನ್ನೋದು ಅಷ್ಟು ಸುಲಭವಿಲ್ಲ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ಪುರಸೊತ್ತು ಇದ್ದಾಗ ಓದಿ.

ನಾನು ಯಹೂದಿ ಅಲ್ಲ. ವಿಜಯಪುರದವಳು, ನಮ್ಮ ಮನೆಯಲ್ಲಿ ಇಷ್ಟಲಿಂಗ ಪೂಜೆ. ಈ ಆಪ್ ನನ್ನ ಫೋನಿಗೆ ಬಂದದ್ದು ಒಬ್ಬ ಅಕ್ಕನಿಂದ. 90ರ ದಶಕದಲ್ಲಿ ಪುಣೆಯ ಕ್ಯಾಂಪ್ ಕಡೆ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ. ಪಕ್ಕದ ಕೌಂಟರ್ ಅವಳದು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಮನೆಮಾತು ಮರಾಠಿ, ಬೆನೆ ಇಸ್ರೇಲ್ ಮನೆತನ. ಅಂದರೆ ಕೊಂಕಣ ಕರಾವಳಿಯ ಯಹೂದಿಗಳು. ಅವರ ಹಿರಿಯರು ಹೇಳಿಕೊಂಡು ಬಂದ ಕಥೆಯ ಪ್ರಕಾರ ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು. ಆಮೇಲೆ ಊರೂರಲ್ಲಿ ಗಾಣ ಹಾಕಿ ಎಣ್ಣೆ ತೆಗೆದು ಬದುಕಿದರು. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು 'ಶನಿವಾರ ತೇಲಿ' ಅಂತ ಕರೆದರು, ಶನಿವಾರ ಬಿಡುವು ಮಾಡುವ ಗಾಣಿಗರು ಅಂತ.

ಇದನ್ನು ಕೇಳಿದಾಗ ನನಗೆ ಅಜ್ಜನ ನೆನಪಾಯಿತು. ಅಜ್ಜ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಮಳೆ ಬಂದು ಹದ ಎಷ್ಟೇ ಚೆನ್ನಾಗಿರಲಿ, ಪಕ್ಕದ ಹೊಲದವರು ಟ್ರ್ಯಾಕ್ಟರ್ ಹಚ್ಚಿರಲಿ, ಸೋಮವಾರ ಬಸವಣ್ಣನ ವಾರ, ಎತ್ತು ಕೊಟ್ಟಿಗೆಯಲ್ಲೇ ಇರಬೇಕು. ಎಷ್ಟೋ ವರ್ಷದ ಮೇಲೆ ಸೆಫಾರಿಯಾದಲ್ಲಿ ಬೈಬಲಿನ ಧರ್ಮೋಪದೇಶಕಾಂಡದ ಐದನೇ ಅಧ್ಯಾಯ ತೆಗೆದೆ. ಸಬ್ಬತ್ ದಿನ, ಅಂದರೆ ಅವರ ಶನಿವಾರದ ಬಿಡುವಿನ ದಿನ, ನೀನೂ ದುಡಿಯಬೇಡ, ನಿನ್ನ ಎತ್ತೂ ಕತ್ತೆಯೂ ದುಡಿಯಬಾರದು ಅಂತ ಅಲ್ಲಿದೆ. ಆ ಸಾಲನ್ನು ಎರಡು ಮೂರು ಸಲ ಓದಿಕೊಂಡೆ.

ಪುಣೆಯಲ್ಲಿ ಅಕ್ಕ ನನ್ನನ್ನು ಲಾಲ್ ದೇವಳಕ್ಕೆ ಕರೆದುಕೊಂಡು ಹೋಗಿದ್ದಳು. ಅದು ಯಹೂದಿಗಳ ಪ್ರಾರ್ಥನಾ ಮಂದಿರ, ಹೆಸರು ಓಹೆಲ್ ಡೇವಿಡ್, ಕೆಂಪು ಇಟ್ಟಿಗೆಯ ಕಟ್ಟಡ, ಗಡಿಯಾರದ ಗೋಪುರ, 1867ರಲ್ಲಿ ಕಟ್ಟಿ ಮುಗಿದದ್ದು. ಕಟ್ಟಿಸಿದ ಡೇವಿಡ್ ಸಾಸೂನ್ ಸಮಾಧಿ ಅಲ್ಲೇ ಪಕ್ಕದಲ್ಲಿದೆ. ಅಕ್ಕನ ಮನೆಯಲ್ಲಿ ಒಮ್ಮೆ ಮಾಲಿದಾ ಮಾಡಿದ್ದರು. ಅವಲಕ್ಕಿ, ಕೊಬ್ಬರಿ, ಸಕ್ಕರೆ, ಹಣ್ಣು ಹಾಕಿ ಪ್ರವಾದಿ ಎಲೀಯನ ಹೆಸರಿನಲ್ಲಿ ಹಂಚುವ ಪ್ರಸಾದ. ನಮ್ಮಲ್ಲಿ ಮಾದಲಿ ಅಂತ ಮಾಡುತ್ತೇವೆ, ಗೋಧಿದು, ಬೆಲ್ಲ ಹಾಕಿ ಅಂತ ನಾನು ಹೇಳಿದ್ದೇ ತಡ, ಅವಳ ತಾಯಿ ಇನ್ನೊಂದು ತಟ್ಟೆ ತುಂಬಿಸಿ ಕೈಗಿಟ್ಟರು. ಆ ತಾಯಿಯನ್ನು ನಾನು ಕಡೆಯವರೆಗೂ ಮೌಶಿ ಅಂತಲೇ ಕರೆದೆ. ಮುಂದೆ ಅಕ್ಕ ಮದುವೆಯಾಗಿ ಇಸ್ರೇಲಿನ ಅಶ್ದೋದ್‌ಗೆ ಹೋದಳು. ನಾನು ವರ್ಗ ತಗೊಂಡು ಊರಿಗೆ ಬಂದೆ.

2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ಪುಣೆಯಲ್ಲಿ ಮೌಶಿ ತೀರಿಕೊಂಡರು. ಅಕ್ಕನಿಗೆ ಬರಲು ಆಗಲಿಲ್ಲ, ವಿಮಾನವೇ ಇಲ್ಲ. ಅವರಲ್ಲಿ ಸತ್ತವರಿಗಾಗಿ ಕದ್ದೀಶ್ ಹೇಳುತ್ತಾರೆ. ಅರಾಮಿಕ್ ಭಾಷೆಯ ಪ್ರಾರ್ಥನೆ. ಅದರಲ್ಲಿ ಸಾವಿನ ಮಾತೇ ಇಲ್ಲ, ದೇವರ ಹೆಸರು ದೊಡ್ಡದಾಗಲಿ ಅಂತ ಶುರುವಾಗುತ್ತದೆ. ಆದರೆ ಒಬ್ಬರೇ ಕೂತು ಹೇಳುವಂತಿಲ್ಲ. ಹತ್ತು ಜನ ಕೂಡಿರಬೇಕು, ಅದಕ್ಕೆ ಮಿನ್ಯಾನ್ ಅನ್ನುತ್ತಾರೆ, ಅವರ ಸಂಪ್ರದಾಯದಲ್ಲಿ ಹತ್ತು ಗಂಡಸರು. ಲಾಕ್‌ಡೌನ್‌ನಲ್ಲಿ ಹತ್ತು ಜನ ಎಲ್ಲಿಂದ ಬರಬೇಕು? ಮನೆಯವರೆಲ್ಲ ವಿಡಿಯೋ ಕಾಲ್‌ನಲ್ಲಿ ಸೇರಿದರು. ಅಶ್ದೋದ್, ಮುಂಬೈ, ಪುಣೆ, ಮತ್ತು ವಿಜಯಪುರದಿಂದ ನಾನು. ಎಣಿಸಿದರೆ ಗಂಡಸರೇ ಹದಿನಾಲ್ಕು ಮಂದಿ. ಆದರೂ ಅವರ ಕಾಕಾ ಒಪ್ಪಲಿಲ್ಲ. ಹತ್ತೂ ಜನ ಒಂದೇ ಜಾಗದಲ್ಲಿ ಇರಬೇಕು, ಪರದೆ ಮೇಲೆ ಇದ್ದರೆ ಲೆಕ್ಕಕ್ಕಿಲ್ಲ ಅಂದರು. ಅಕ್ಕನ ತಮ್ಮ ಬೈಬಲಿನ ಕೀರ್ತನೆಗಳನ್ನಷ್ಟೇ ಓದಿದ. ಅಕ್ಕ ತುಂಬಾ ಅತ್ತಳು.

ಅವತ್ತು ರಾತ್ರಿ ಅವಳು ನನಗೊಂದು ಲಿಂಕ್ ಕಳಿಸಿದಳು. ಅದೇ ಸೆಫಾರಿಯಾ. ತೆಗೆದರೆ ಶುಲ್ಖಾನ್ ಆರೂಖ್, ಯೋಸೆಫ್ ಕಾರೊ ಎಂಬ ಪಂಡಿತರು ಬರೆದ ಆಚಾರದ ನಿಯಮಗಳು, 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದದ್ದು. ಮೊದಲ ಭಾಗದ 55ನೇ ಅಧ್ಯಾಯ, 14ನೇ ನಿಯಮ. ಪ್ರಾರ್ಥನಾ ಮಂದಿರದ ಹಿಂದೆ ನಿಂತಿರುವವನು ಒಂದು ಕಿಟಕಿಯಿಂದ ತನ್ನ ಮುಖ ತೋರಿಸಿದರೆ, ಆ ಕಿಟಕಿ ಎಷ್ಟೇ ಅಂತಸ್ತು ಎತ್ತರದಲ್ಲಿರಲಿ, ಅವನೂ ಹತ್ತರಲ್ಲಿ ಒಬ್ಬ. ಅದರ ಕೆಳಗೆ ಅಕ್ಕ ಮರಾಠಿಯಲ್ಲಿ ಬರೆದಿದ್ದಳು: 'ಫೋನೂ ಕಿಟಕಿಯೇ ಅಲ್ವಾ?'

ಆ ಪ್ರಶ್ನೆಯಿಂದಲೇ ನಾನು ಈ ಆಪ್ ಇಳಿಸಿಕೊಂಡದ್ದು.

ಈಗ ಆಪ್ ಬಗ್ಗೆ. 2011ರಲ್ಲಿ ಜೋಶುವಾ ಫೋಯರ್, ಬ್ರೆಟ್ ಲಾಕ್‌ಸ್ಪೈಸರ್ ಎಂಬ ಇಬ್ಬರು ಶುರುಮಾಡಿದ್ದು. ಲಾಭಕ್ಕಾಗಿ ಅಲ್ಲ, ದೇಣಿಗೆಯಿಂದ ನಡೆಯುತ್ತದೆ. ದುಡ್ಡು ಕೇಳುವುದಿಲ್ಲ, ಜಾಹೀರಾತು ಇಲ್ಲ. ತೋರಾ (ಮೋಶೆಯ ಐದು ಗ್ರಂಥ), ಪ್ರವಾದಿಗಳ ಗ್ರಂಥಗಳು, ಮಿಶ್ನಾ (ಬಾಯಿಂದ ಬಾಯಿಗೆ ಬಂದ ನಿಯಮಗಳ ಸಂಗ್ರಹ), ತಾಲ್ಮುದ್ (ಮಿಶ್ನಾದ ಮೇಲೆ ನಡೆದ ಚರ್ಚೆ), ಪ್ರಾರ್ಥನೆ ಪುಸ್ತಕ, ಸಾವಿರಾರು ವರ್ಷದ ವ್ಯಾಖ್ಯಾನ ಎಲ್ಲವೂ ಒಂದೇ ಕಡೆ. ಇದರ ಜೀವ ಇರುವುದು ಸಾಲುಗಳ ಜೋಡಣೆಯಲ್ಲಿ. ಒಂದು ಸಾಲಿನ ಮೇಲೆ ಬೆರಳಿಟ್ಟರೆ ಆ ಸಾಲಿನ ಬಗ್ಗೆ ಯಾರ್ಯಾರು ಏನೇನು ಹೇಳಿದ್ದಾರೋ ಅದೆಲ್ಲ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. 11ನೇ ಶತಮಾನದ ಫ್ರಾನ್ಸಿನ ರಾಶಿ ಎಂಬ ಪಂಡಿತರು ಒಂದು ಅರ್ಥ ಹೇಳುತ್ತಾರೆ, ಅವರ ಮೊಮ್ಮಕ್ಕಳ ಕಾಲದವರು ಅದು ಹಾಗಲ್ಲ ಅನ್ನುತ್ತಾರೆ. ನಾವು ಸುಮ್ನೆ ನಡುವೆ ಕೂತು ಕೇಳಬಹುದು.

ತಾಲ್ಮುದ್ ಪುಟ ಹೇಗಿರುತ್ತದೆ ಗೊತ್ತಾ? 1520ರ ಸುಮಾರಿಗೆ ವೆನಿಸ್‌ನಲ್ಲಿ ಡೇನಿಯಲ್ ಬೊಂಬರ್ಗ್ ಎಂಬ ಮುದ್ರಕ ನೆಲೆಗೊಳಿಸಿದ ಮಾದರಿ. ನಡುವೆ ಮೂಲ, ಒಂದು ಪಕ್ಕ ರಾಶಿ, ಇನ್ನೊಂದು ಪಕ್ಕ ಅವರ ಮೊಮ್ಮಕ್ಕಳ ಕಾಲದವರು. ಇವತ್ತಿಗೂ ಅಚ್ಚಿನಲ್ಲಿ ಅದೇ ನಡೆಯುತ್ತಿದೆ. ಆಪ್ ಆ ಪುಟವನ್ನೇ ಬೆರಳ ತುದಿಗೆ ತಂದಿದೆ. ಇಂಗ್ಲಿಷ್ ಅನುವಾದ 2017ರಲ್ಲಿ ಎಲ್ಲರಿಗೂ ಉಚಿತವಾಗಿ ಬಂತು. ಅದಕ್ಕೆ ಆಧಾರ ಜೆರುಸಲೇಮಿನ ಅದೀನ್ ಸ್ಟೈನ್‌ಸಾಲ್ಟ್ಸ್ ಅವರ ಕೆಲಸ, 1965ರಿಂದ 2010ರವರೆಗೆ ಅವರು ಇದನ್ನೇ ಮಾಡಿದರು. ಮೂಲದಲ್ಲಿ ಇರುವ ಮಾತು ದಪ್ಪ ಅಕ್ಷರದಲ್ಲಿ, ಅರ್ಥವಾಗಲಿ ಅಂತ ಸೇರಿಸಿದ್ದು ತೆಳು ಅಕ್ಷರದಲ್ಲಿ. ನನ್ನಂಥ ಹೊರಗಿನವಳಿಗೆ ಇದು ಕೈಹಿಡಿದು ನಡೆಸಿದ ಹಾಗೆ. ಯಾವುದು ಅವರ ಮಾತು, ಯಾವುದು ವಿವರಣೆ ಅಂತ ಎಲ್ಲೂ ತಪ್ಪುವುದಿಲ್ಲ.

ದಿನಕ್ಕೊಂದು ಹಾಳೆ ಓದುವ ಪದ್ಧತಿ ಇದೆ, ದಾಫ್ ಯೋಮಿ ಅಂತ. ಒಟ್ಟು 2711 ಹಾಳೆ, ಮುಗಿಸಲು ಏಳೂವರೆ ವರ್ಷ ಬೇಕು. ಲೋಕದ ಎಲ್ಲ ಕಡೆ ಅವತ್ತು ಅದೇ ಹಾಳೆ. ಮೆಯೀರ್ ಶಪಿರೊ ಎಂಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, 1923ರಲ್ಲಿ ವಿಯೆನ್ನಾದ ಸಭೆಯಲ್ಲಿ ಸೂಚಿಸಿದ್ದು, ಅದೇ ವರ್ಷ ಶುರುವಾಯಿತು. 2020ರ ಜನವರಿ 5ರಂದು 14ನೇ ಸುತ್ತು ಹಿಡಿದರು. ಆಪ್ ತೆಗೆದರೆ ಇವತ್ತಿನ ಹಾಳೆ ಯಾವುದು, ಈ ವಾರದ ತೋರಾ ಭಾಗ ಯಾವುದು ಅಂತ ಎದುರಿಗೇ ಇರುತ್ತದೆ.

1923 ಅಂದ ಕೂಡಲೇ ನಮ್ಮೂರಿನವರಿಗೆ ಇನ್ನೊಬ್ಬರು ನೆನಪಾಗಬೇಕು. ಫ.ಗು. ಹಳಕಟ್ಟಿಯವರ ಮೊದಲ ವಚನ ಸಂಕಲನ ಅಚ್ಚಾಗಿ ಬಂದದ್ದೂ ಅದೇ ವರ್ಷ. ವಕೀಲಿ ಮಾಡಿಕೊಂಡು ಇದೇ ವಿಜಯಪುರದಲ್ಲಿದ್ದವರು. ಮನೆಮನೆಯ ಜಗುಲಿ ಮೇಲೆ ಪೂಜೆಗೊಂಡು ಕೂತಿದ್ದ ತಾಳೆಗರಿ ಕಟ್ಟುಗಳನ್ನು ಬಿಚ್ಚಿಸಿ ಓದಿ, ಮುಂದೆ ಸ್ವಂತ ಪ್ರೆಸ್ ಹಾಕಿ, ಕೈಯಲ್ಲಿದ್ದದ್ದನ್ನೆಲ್ಲ ಅದಕ್ಕೇ ಸುರಿದರು. ಈಗ ವಚನ ಸಂಚಯ ಜಾಲತಾಣ ಇದೆ. ಒಂದು ಪದ ಹಾಕಿದರೆ ಯಾವ ಯಾವ ವಚನದಲ್ಲಿ ಬಂದಿದೆ ಅಂತ ಸಿಗುತ್ತದೆ, ನಾನು ಬಹಳ ಬಳಸುತ್ತೇನೆ. ಆದರೆ ಸೆಫಾರಿಯಾ ಬಳಸಿದ ಮೇಲೆ ನನಗೆ ಒಂದು ಆಸೆ ಹುಟ್ಟಿದೆ. ಅಲ್ಲಮನ ಒಂದು ಸಾಲಿನ ಮೇಲೆ ಬೆರಳಿಟ್ಟರೆ, ಶೂನ್ಯಸಂಪಾದನೆಯಲ್ಲಿ ಆ ಸಾಲು ಎಲ್ಲಿ ಬಂತು, ಹಳೆಯ ಟೀಕೆಗಾರರು ಏನಂದರು, ಅಕ್ಕಮಹಾದೇವಿ ಅದಕ್ಕೆ ಯಾವ ವಚನದಲ್ಲಿ ಉತ್ತರ ಕೊಟ್ಟಳು ಎಲ್ಲ ಪಕ್ಕದಲ್ಲಿ ತೆರೆಯಬೇಕು. ಕಂಪ್ಯೂಟರ್ ಓದಿದ ನಮ್ಮ ಹುಡುಗರು ದಯವಿಟ್ಟು ನೋಡಿ. ಸೆಫಾರಿಯಾ ತನ್ನ ಪ್ರೋಗ್ರಾಮನ್ನೂ ಬಚ್ಚಿಟ್ಟಿಲ್ಲ, ಯಾರು ಬೇಕಾದರೂ ತೆಗೆದು ನೋಡಬಹುದು.

ಕನ್ನಡ ಇಲ್ಲ, ಇಂಗ್ಲಿಷ್ ಇಲ್ಲವೇ ಹೀಬ್ರೂ ಬರಬೇಕು. ಪುಸ್ತಕಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಬೇಕಿಲ್ಲ. ನಾನು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವಾಗ ದಾರಿಯುದ್ದಕ್ಕೂ ಓದಿದ್ದೇನೆ.

ಇನ್ನು ಆನ್‌ಲೈನ್ ಪ್ರಾರ್ಥನೆ. ಅಕ್ಕನ ಕಿಟಕಿ ಪ್ರಶ್ನೆಗೆ ಅವರಲ್ಲೇ ಒಂದು ಉತ್ತರವಿಲ್ಲ. ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಥದ ಬಹುತೇಕ ರಬ್ಬಿಗಳು ಒಪ್ಪಲಿಲ್ಲ. ಆ ಕಿಟಕಿ ಅದೇ ಗೋಡೆಯದು, ಬೇರೆ ದೇಶದ್ದಲ್ಲ ಅಂದರು. ಅಮೆರಿಕದ ನಡುದಾರಿಯ ಕನ್ಸರ್ವೇಟಿವ್ ಪಂಥದ ಸಮಿತಿ 2001ರಲ್ಲೇ ಯೋಚಿಸಿತ್ತು: ಹತ್ತು ಜನ ಒಂದು ಕಡೆ ಕೂಡಿರಲೇಬೇಕು, ಕೂಡಿದ ಮೇಲೆ ದೂರದವರು ಜೋಡಿಸಿಕೊಂಡು ಆಮೆನ್ ಅನ್ನಬಹುದು. 2020ರ ಮಾರ್ಚ್‌ನಲ್ಲಿ ಇದು ತುರ್ತು ಕಾಲ ಅಂತ, ಪರದೆಯಲ್ಲೇ ಹತ್ತು ಎಣಿಸಲು ಅದೇ ಪಂಥ ದಾರಿ ಬಿಟ್ಟಿತು. ಸುಧಾರಣೆಯ ಒಲವಿನ ರಿಫಾರ್ಮ್ ಪಂಥದವರು ಎಷ್ಟೋ ಕಡೆ ಮೊದಲಿನಿಂದಲೂ ನೇರ ಪ್ರಸಾರ ಮಾಡುತ್ತಿದ್ದರು. ಪುಣೆಯ ಮನೆಯವರಿಗೆ ಸರಿಹೋದದ್ದು 2001ರ ಮಾತಿನಂಥ ದಾರಿ. ಮಳೆಗಾಲದಲ್ಲಿ ಸ್ವಲ್ಪ ಸಡಿಲವಾದ ಮೇಲೆ ಹತ್ತು ಜನ ಅವರ ಮನೆಯಲ್ಲಿ ಕೂಡಿದರು, ಅಕ್ಕನ ತಮ್ಮ ಕದ್ದೀಶ್ ಹೇಳಿದ, ಮೇಜಿನ ಮೇಲೆ ಫೋನ್ ನಿಲ್ಲಿಸಿದ್ದರು. ಅಶ್ದೋದ್‌ನಿಂದ ಅಕ್ಕ ಆಮೆನ್ ಅಂದಳು. ನಾನೂ ಅಂದೆ.

ಅವತ್ತು ಗಮನಿಸಿದ್ದು ಒಂದು. ಆಮೆನ್ ಎಲ್ಲರದೂ ಒಟ್ಟಿಗೆ ಬರುವುದಿಲ್ಲ. ಪುಣೆಯವರದು ಮೊದಲು, ಮುಂಬೈಯವರದು ಆಮೇಲೆ, ಅಕ್ಕನದು ಎಲ್ಲರೂ ಮುಗಿಸಿದ ಮೇಲೆ ಒಂಟಿಯಾಗಿ. ಎರಡನೇ ದಿನ ಎಲ್ಲರನ್ನೂ ಮ್ಯೂಟ್ ಮಾಡಿ, ಕೈ ಎತ್ತಿ ತೋರಿಸಿ ಅಂದರು. ಇಂಥದ್ದೇ ಒಂದು ಮಾತು ತಾಲ್ಮುದ್‌ನಲ್ಲಿದೆ. ಅಲೆಕ್ಸಾಂಡ್ರಿಯದ ಪ್ರಾರ್ಥನಾ ಮಂದಿರ ಎಷ್ಟು ದೊಡ್ಡದಿತ್ತು ಅಂದರೆ ಹಿಂದಿನವರಿಗೆ ದನಿ ಮುಟ್ಟುತ್ತಿರಲಿಲ್ಲವಂತೆ. ನಡುವೆ ಒಬ್ಬ ವೇದಿಕೆ ಮೇಲೆ ನಿಂತು ಬಟ್ಟೆ ಬೀಸುತ್ತಿದ್ದ, ಅದನ್ನು ನೋಡಿ ಎಲ್ಲರೂ ಆಮೆನ್ ಅನ್ನುತ್ತಿದ್ದರು. ಸುಕ್ಕಾ ಎಂಬ ಭಾಗದ 51ನೇ ಹಾಳೆ. ಇದನ್ನು ಕಳಿಸಿದಾಗ ಅಕ್ಕ ಫೋನ್ ಮಾಡಿದಳು, ತಾಯಿ ಹೋದ ಮೇಲೆ ಮೊದಲ ಸಲ ಅವಳ ಗಂಟಲು ಹಗುರವಾಗಿತ್ತು.

ಆಮೇಲೆ ಸಿಕ್ಕಿದ್ದು ಕೊಂಬಿನ ಮಾತು. ಹೊಸ ವರ್ಷದಲ್ಲಿ ಅವರು ಟಗರಿನ ಕೊಂಬು ಊದುತ್ತಾರೆ, ಶೋಫಾರ್ ಅಂತ. ಅದನ್ನು ಕೇಳಲೇಬೇಕು ಅನ್ನುವುದು ನಿಯಮ. ಫೋನಿನಲ್ಲಿ ಕೇಳಿದರೆ ಆಯಿತೋ ಇಲ್ಲವೋ? ರೋಶ್ ಹಶಾನಾ ಎಂಬ ಭಾಗದ ಮೂರನೇ ಅಧ್ಯಾಯ, ಏಳನೇ ಮಿಶ್ನಾ. ಸುಮಾರು 1800 ವರ್ಷದ ಹಿಂದಿನದು. ಗುಂಡಿಯೊಳಗೆ, ನಮ್ಮ ಹಗೇವಿನಂಥ ನೆಲಮಾಳಿಗೆಯೊಳಗೆ, ಇಲ್ಲವೇ ದೊಡ್ಡ ಗುಡಾಣದೊಳಗೆ ಕೊಂಬು ಊದಿದರೆ, ಕೊಂಬಿನ ದನಿ ಕೇಳಿಸಿದವನದು ಪೂರೈಸಿತು, ಮಾರ್ದನಿ ಕೇಳಿಸಿದವನದು ಪೂರೈಸಲಿಲ್ಲ.

ನಾನು ಗೋಳಗುಮ್ಮಟದ ಊರಿನವಳು. ಈ ಪ್ರಶ್ನೆ ನಮಗೆ ಹೊಸದಲ್ಲ. 1656ರಲ್ಲಿ ಮುಗಿದ ಆ ಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಹತ್ತಿ, ಒಳಸುತ್ತಿನ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಗೋಡೆಗೆ ಬಾಯಿಟ್ಟು ಮಾತಾಡಿದರೆ ಆ ಕಡೆ ತುದಿಯಲ್ಲಿ ಕಿವಿಯಿಟ್ಟವರಿಗೆ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಸಲ ತಿರುಗಿ ಬರುತ್ತದೆ ಅಂತ ಸಣ್ಣವರಿದ್ದಾಗ ಬೆರಳು ಮಡಚಿ ಎಣಿಸಿದ್ದೇವೆ. ಅದೇ ಮಾತು ಕೆಳಗೆ ಸಮಾಧಿ ಹತ್ತಿರ ನಿಂತವರಿಗೆ ಬರೀ ಗದ್ದಲ. ತಾಲ್ಮುದ್‌ನಲ್ಲಿ ರವ್ ಹೂನಾ ಎಂಬ ಪಂಡಿತರು ಹೇಳುವುದೂ ಅದನ್ನೇ. ಈ ಚಿಂತೆ ಗುಂಡಿಯ ಅಂಚಿನಲ್ಲಿ ನಿಂತವರಿಗೆ ಮಾತ್ರ, ಗುಂಡಿಯ ಒಳಗೇ ಇದ್ದವರದು ಪೂರೈಸಿತು ಅಂತ. ದನಿ ಒಂದೇ, ನಿಂತ ಜಾಗ ಬೇರೆ. ಆನ್‌ಲೈನ್ ಪ್ರಾರ್ಥನೆಗೆ ಸ್ಟಾರ್ ಕೊಡಲು ನನಗೆ ಕಷ್ಟವಾಗಿರುವುದು ಇದಕ್ಕೇ. ಅಕ್ಕ ಅದರ ಒಳಗಿದ್ದಳು. ನಾನು ಬೇರೆ ಊರುಗಳ ಪ್ರಸಾರ ನೋಡಿದಾಗ ಅಂಚಿನಲ್ಲಿದ್ದೆ.

ಒಂದು ಅನುಭವ ಹೇಳುತ್ತೇನೆ, ಜಾಗದ ಹೆಸರು ಬೇಡ. ಹೊರದೇಶದ ಒಂದು ಕಡೆ ನೇರ ಪ್ರಸಾರ ಚೆನ್ನಾಗಿರುತ್ತದೆ ಅಂತ ಕೇಳಿ ಸೇರಿದೆ. ಕ್ಯಾಮೆರಾ ಒಳ್ಳೆಯದು, ಸಂಗೀತ ಒಳ್ಳೆಯದು. ಆದರೆ ಒಂದು ಗಂಟೆ ಆ ಕಡೆಯಿಂದ ಯಾರೂ ನಮ್ಮತ್ತ ನೋಡಲಿಲ್ಲ, ನಾನು ಬರೆದ ನಮಸ್ಕಾರಕ್ಕೆ ಉತ್ತರ ಬರಲಿಲ್ಲ, ಮುಗಿದ ಕೂಡಲೇ ಪರದೆ ಕಪ್ಪಾಯಿತು. ಟಿವಿಯಲ್ಲಿ ಜಾತ್ರೆ ನೋಡಿದ ಹಾಗೆ. ತೇರಿನ ಹಗ್ಗ ಕೈಗೆ ಸಿಗಲಿಲ್ಲ.

ಇನ್ನೊಂದು ಕಡೆಯದು ಬೇರೆ ಥರ. ಅಮೆರಿಕದ ಒಂದು ಸಣ್ಣ ಮಂದಿರ, ಅಲ್ಲಿ ಶುಕ್ರವಾರ ಸಂಜೆ ಅಂದರೆ ನಮಗೆ ಶನಿವಾರ ಬೆಳಗಿನ ಜಾವ ನಾಲ್ಕೂವರೆ. ಹೊರಗೆ ಇನ್ನೂ ಕತ್ತಲೆ, ಹಾಲಿನವನೂ ಬಂದಿರಲಿಲ್ಲ. ಸಬ್ಬತ್ತನ್ನು ಬರಮಾಡಿಕೊಳ್ಳುವ ಲೆಖಾ ದೋದಿ ಹಾಡಿದರು. 16ನೇ ಶತಮಾನದಲ್ಲಿ ಸಫೇದ್ ಊರಿನ ಶ್ಲೋಮೊ ಅಲ್ಕಬೆತ್ಸ್ ಬರೆದದ್ದು, ಸಬ್ಬತ್ತನ್ನು ಮದುವಣಗಿತ್ತಿ ಅಂತ ಕರೆಯುತ್ತದೆ. ಕೊನೆಯ ನುಡಿಗೆ ಎಲ್ಲರೂ ಎದ್ದು ಬಾಗಿಲ ಕಡೆ ತಿರುಗುತ್ತಾರೆ, ಅವಳು ಬರುತ್ತಿದ್ದಾಳೆ ಅಂತ. ಅಲ್ಲಿ ಕ್ಯಾಮೆರಾ ಇಟ್ಟಿದ್ದು ಬಾಗಿಲ ಮೇಲೆ. ಅಲ್ಲಿಯವರೆಗೆ ಬೆನ್ನು ಮಾತ್ರ ಕಾಣುತ್ತಿದ್ದವರು, ಮುದುಕರು, ಮಕ್ಕಳು, ಊರುಗೋಲು ಹಿಡಿದ ಒಬ್ಬ ಅಜ್ಜಿ, ಎಲ್ಲರೂ ಒಮ್ಮೆಗೇ ತಿರುಗಿ ನನ್ನ ಮುಖ ನೋಡಿ ತಲೆ ಬಾಗಿದರು. ನಾನು ಕುರ್ಚಿಯಿಂದ ಎದ್ದು ನಿಂತೆ, ಕೈ ತಾನಾಗಿ ಮುಗಿಯಿತು. ಪರದೆ ಕಿಟಕಿ ಹೌದೋ ಅಲ್ಲವೋ ರಬ್ಬಿಗಳು ನೋಡಿಕೊಳ್ಳಲಿ. ನನಗೆ ಅವತ್ತು ಅದು ಕಿಟಕಿಯೇ.

ಬೇಕಾದವರಿಗೆ ಒಂದೆರಡು ಮಾತು. ಪ್ರಸಾರಕ್ಕೆ ಸೇರುವ ಮೊದಲು ನೀವು ಯಾರು, ಯಾಕೆ ಬರುತ್ತೀರಿ ಅಂತ ಎಷ್ಟೋ ಕಡೆ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅವರಿಗೆ ಭಯವಿದೆ, ಭಯಕ್ಕೆ ಕಾರಣವೂ ಇದೆ. ಹೇಳಿ ಕೇಳಿ ಹೋಗಿ. ದೊಡ್ಡ ಮಂದಿರಕ್ಕಿಂತ ಸಣ್ಣದನ್ನು ಹುಡುಕಿ. ಓದಲು ಶುರುಮಾಡುವವರು ಮಿಶ್ನಾದಲ್ಲಿರುವ ಪಿರ್ಕೇ ಅವೋತ್ ಎಂಬ ಭಾಗದಿಂದ ಹಿಡಿಯಿರಿ. ಸಣ್ಣ ಸಣ್ಣ ಮಾತು, ವಚನ ಓದಿದವರಿಗೆ ಹತ್ತಿರವಾಗುತ್ತದೆ. ಸಮುದಾಯದಿಂದ ದೂರ ಸರಿಯಬೇಡ ಅಂತ ಹಿಲ್ಲೆಲ್ ಎಂಬ ಹಳೆಯ ಗುರು ಹೇಳಿದ ಮಾತು ಅದರಲ್ಲೇ ಇದೆ. ಒಬ್ಬರೇ ಓದಬೇಡಿ. ಅವರಲ್ಲಿ ಇಬ್ಬರು ಕೂತು ವಾದ ಮಾಡುತ್ತಾ ಓದುವುದು ರೂಢಿ, ಹವ್ರೂತಾ ಅನ್ನುತ್ತಾರೆ. ಅಕ್ಕ ಮತ್ತು ನಾನು ಗುರುವಾರ ರಾತ್ರಿ ಎಂಟೂವರೆಗೆ ಕೂಡುತ್ತೇವೆ, ನನ್ನ ಕೈಯಲ್ಲಿ ವಚನ, ಅವಳ ಕೈಯಲ್ಲಿ ಸೆಫಾರಿಯಾ.

ಇನ್ನು ಸಬ್ಬತ್ ಯಾವಾಗ ಹಿಡಿಯುತ್ತದೆ ಅಂತ ನೋಡಲು ಹೆಬ್‌ಕ್ಯಾಲ್ ಎಂಬ ಉಚಿತ ಪಂಚಾಂಗ ಇದೆ. ಊರು ಹೇಳಿದರೆ ದೀಪ ಹಚ್ಚುವ ಹೊತ್ತು ತೋರಿಸುತ್ತದೆ, ಸಾಮಾನ್ಯವಾಗಿ ಸೂರ್ಯ ಮುಳುಗುವ 18 ನಿಮಿಷ ಮೊದಲು. ಶುಕ್ರವಾರ ಆ ಹೊತ್ತಿಗೆ ಅಕ್ಕನ ಫೋನ್ ಬಂದ್. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ತೆಗೆಯುವುದಿಲ್ಲ. ಅಶ್ದೋದ್ ನಮಗಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ, ಹಾಗಾಗಿ ಅವಳ 'ಶಾವೂಆ ತೋವ್', ಒಳ್ಳೆಯ ವಾರ ಅನ್ನುವ ಮೆಸೇಜ್ ನನಗೆ ಬರುವಾಗ ಚಳಿಗಾಲದಲ್ಲಿ ರಾತ್ರಿ ಒಂಬತ್ತು, ಬೇಸಿಗೆಯಲ್ಲಿ ಹನ್ನೊಂದು ದಾಟಿರುತ್ತದೆ. ನಿಮಗೂ ಇಂಥ ಗೆಳತಿ ಇದ್ದರೆ ಶನಿವಾರ ಹಗಲು ಕಾಲ್ ಮಾಡಬೇಡಿ. ಹೇಳುವುದು ಏನೇ ಇರಲಿ, ಆ ಮೆಸೇಜ್ ಬರುವವರೆಗೆ ಕಾಯಿರಿ.